ಬರಿದಾದ ಪರದೆ ಮತ್ತು ಅನುಪಲಬ್ಧಿ

ಸಣ್ಣ ಯಂತ್ರದೋಣಿಗೆ ಎಐಎಸ್ (ಹಡಗುಗಳ ಸ್ವಯಂಚಾಲಿತ ಗುರುತು ವ್ಯವಸ್ಥೆ) ಟ್ರಾನ್ಸೀವರ್ ಕೂರಿಸಿದರೆ ಆ ದೋಣಿಗೆ ಒಂದು ಬಾಯಿಯೂ ಒಂದು ಕಿವಿಯೂ ಬಂದಂತೆ. ಬಾಯಿ ತಾನು ಯಾರು, ಎಲ್ಲಿದ್ದೇನೆ, ಯಾವ ದಿಕ್ಕಿಗೆ ಎಷ್ಟು ವೇಗದಲ್ಲಿ ಸಾಗಿದ್ದೇನೆ ಎಂದು ಸಾರುತ್ತದೆ. ಕಿವಿ ಸುತ್ತಲಿನ ಹಡಗುಗಳು ಸಾರುವ ಅಂಥದೇ ಮಾತನ್ನು ಕೇಳಿ, ಪರದೆಯ ಮೇಲೆ ಚುಕ್ಕೆಗಳಾಗಿ ಮೂಡಿಸುತ್ತದೆ. ಈ ಮಾತುಕತೆ 161.975 ಮತ್ತು 162.025 ಮೆಗಾಹರ್ಟ್ಸ್‌ನ ಎರಡು ವಿಎಚ್ಎಫ್ ಚಾನೆಲ್‌ಗಳಲ್ಲಿ ನಡೆಯುತ್ತದೆ. ಅಂತರರಾಷ್ಟ್ರೀಯ ಯಾನದಲ್ಲಿರುವ 300 ಗ್ರಾಸ್ ಟನ್ನೇಜ್ ಮತ್ತು ಅದಕ್ಕೂ ಮೀರಿದ ಹಡಗುಗಳಿಗೂ ಎಲ್ಲ ಪ್ರಯಾಣಿಕ ಹಡಗುಗಳಿಗೂ ಈ ಉಪಕರಣ ಕಡ್ಡಾಯ. 2004ರ ಕೊನೆಯ ಹೊತ್ತಿಗೆ ಆ ನಿಯಮ ಪೂರ್ತಿ ಜಾರಿಗೆ ಬಂತು. ಸಣ್ಣ ದೋಣಿಗಳಿಗೆ ಕಡಿಮೆ ಶಕ್ತಿಯ ಇನ್ನೊಂದು ಬಗೆ ಇದೆ. ಅದಕ್ಕೆ ‘ಕ್ಲಾಸ್ ಬಿ’ ಎಂದು ಹೆಸರು.

ಪರದೆಯ ಮೇಲೆ ಚುಕ್ಕೆ ಕಂಡರೆ ಅಲ್ಲೊಂದು ಹಡಗಿದೆ ಎಂದು ತಿಳಿಯಬಹುದು. ಚುಕ್ಕೆ ಕಾಣದಿದ್ದರೆ? ಆಗ ನೀರು ಬರಿದಾಗಿದೆ ಎಂದು ತಿಳಿಯಬಹುದೇ? ‘ಕಾಣುತ್ತಿಲ್ಲ’ ಎಂಬುದರಿಂದ ‘ಇಲ್ಲ’ ಎಂಬುದಕ್ಕೆ ದಾಟಲು ಯಾವಾಗ ಹಕ್ಕಿದೆ ಎಂಬ ಈ ಪ್ರಶ್ನೆ ಭಾರತೀಯ ದರ್ಶನಗಳಲ್ಲಿ ಬಹಳ ಹಳೆಯದು. ಅದಕ್ಕೆ ಅಲ್ಲಿ ‘ಅನುಪಲಬ್ಧಿ’ ಎಂಬ ಹೆಸರೂ ಇದೆ. ಕಡಲಿನಿಂದ ದೂರ, ಹೇಮಾವತಿ ಹರಿಯುವ ಮೂಡಿಗೆರೆ ತಾಲ್ಲೂಕಿನ ಗೋಣಿಬೀಡಿನ ಕಾಫಿ ತೋಟಗಳಲ್ಲಿ ಇದೇ ಪ್ರಶ್ನೆ ಬೇರೊಂದು ವೇಷದಲ್ಲಿ ದಿನ ಬೆಳಗಾದರೆ ಎದುರಾಗುತ್ತದೆ. ಅಲ್ಲಿ ಹಡಗಿನ ಜಾಗದಲ್ಲಿ ಕಾಡಾನೆ, ಟ್ರಾನ್ಸೀವರಿನ ಜಾಗದಲ್ಲಿ ಅದರ ಕೊರಳ ಕಾಲರ್.

ಮೊದಲು ದೋಣಿಯ ಕೆಲಸ. ಉಪಕರಣಕ್ಕೆ ಎರಡು ಆಂಟೆನಾ ಬೇಕು: ಉಪಗ್ರಹಗಳಿಂದ ತನ್ನ ನೆಲೆಯನ್ನು ತಿಳಿಯಲು ಒಂದು ಜಿಪಿಎಸ್ ಆಂಟೆನಾ, ಮಾತಾಡಲು ಮತ್ತು ಕೇಳಲು ಒಂದು ವಿಎಚ್ಎಫ್ ಆಂಟೆನಾ. ಜಿಪಿಎಸ್ ಆಂಟೆನಾಕ್ಕೆ ಆಕಾಶ ತೆರೆದಿರಬೇಕು. ವಿಎಚ್ಎಫ್ ಆಂಟೆನಾ ಎಷ್ಟು ಎತ್ತರದಲ್ಲಿದ್ದರೆ ಅಷ್ಟು ಒಳ್ಳೆಯದು. ಭೂಮಿಯ ಬಾಗನ್ನು ಲೆಕ್ಕ ಹಿಡಿದರೆ, ನೀರಿನಿಂದ 4 ಮೀಟರ್ ಎತ್ತರದ ಎರಡು ಆಂಟೆನಾಗಳು ಒಂದನ್ನೊಂದು ಕೇಳಬಲ್ಲ ಗರಿಷ್ಠ ದೂರ ಸುಮಾರು 16 ಕಿಲೋಮೀಟರ್. ಸಾಮಾನ್ಯ ಕ್ಲಾಸ್ ಬಿ ಉಪಕರಣದ ಶಕ್ತಿ ಕೇವಲ 2 ವಾಟ್ ಆದ್ದರಿಂದ ವಾಸ್ತವದ ದೂರ ಇನ್ನೂ ಕಡಿಮೆ. ತೆಳುವಾದ ಉದ್ದ ಕೇಬಲ್ ಹಾಕಿದರೆ, ಕನೆಕ್ಟರಿನೊಳಗೆ ಉಪ್ಪುನೀರು ಸೇರಿದರೆ, ಆ ಎರಡು ವಾಟ್‌ನಲ್ಲಿ ಅರ್ಧದಷ್ಟು ದಾರಿಯಲ್ಲೇ ಸೋರಿಹೋಗಬಹುದು. 12 ವೋಲ್ಟ್ ಬ್ಯಾಟರಿಯಿಂದ ಪ್ರತ್ಯೇಕ ಫ್ಯೂಸ್ ಇಟ್ಟು ತಂತಿ ಎಳೆಯುವುದು, ಆಂಟೆನಾಗಳನ್ನು ಒಂದಕ್ಕೊಂದು ಅಂಟಿಸದೆ ಅಂತರ ಬಿಡುವುದು, ಇವೆಲ್ಲ ಯಾವ ಬೋಟ್ ಮೆಕ್ಯಾನಿಕ್ಕಿಗೂ ಗೊತ್ತಿರುವ ಕೆಲಸ.

ನಿಜವಾದ ಹೊಣೆ ಬರುವುದು ಆಮೇಲೆ, ಉಪಕರಣಕ್ಕೆ ದೋಣಿಯ ವಿವರ ತುಂಬುವಾಗ. ದೋಣಿಯ ಹೆಸರು, ಅದರ ಒಂಬತ್ತು ಅಂಕಿಯ ಗುರುತಿನ ಸಂಖ್ಯೆ (ಭಾರತದ ದೋಣಿಗಳಿಗೆ 419ರಿಂದ ಆರಂಭವಾಗುವಂಥದು), ಯಾವ ಬಗೆಯ ದೋಣಿ, ಜಿಪಿಎಸ್ ಆಂಟೆನಾದಿಂದ ಮೂತಿಗೆ, ಹಿಂಬದಿಗೆ, ಎಡ ಬಲ ಅಂಚುಗಳಿಗೆ ಎಷ್ಟೆಷ್ಟು ಮೀಟರ್ ಎಂಬ ಅಳತೆ. ಗುರುತಿನ ಸಂಖ್ಯೆಯನ್ನು ಸಾಮಾನ್ಯವಾಗಿ ಮಾಲೀಕರು ಒಮ್ಮೆ ಮಾತ್ರ ತುಂಬಬಹುದು. ತಪ್ಪಿದರೆ ಮಾರಿದವರ ಬಳಿಗೇ ಹೋಗಬೇಕು. ಈ ಬಿಗಿತ ಸರಿಯಾದದ್ದು. ಅಂದಿನಿಂದ ದೋಣಿ ಏನು ಹೇಳುತ್ತದೋ ಅದನ್ನು ಅಪರಿಚಿತ ಹಡಗೊಂದರ ಕಾವಲುಗಾರ ನಡುರಾತ್ರಿಯಲ್ಲಿ ನಂಬಿ ಚುಕ್ಕಾಣಿ ತಿರುಗಿಸಬೇಕಾಗುತ್ತದೆ.

ರೇಡಾರಿಗೂ ಎಐಎಸ್‌ಗೂ ಇರುವ ವ್ಯತ್ಯಾಸ ಇಲ್ಲೇ ಇದೆ. ರೇಡಾರ್ ತಾನೇ ಅಲೆಯೊಂದನ್ನು ಎಸೆದು, ಅದು ಬಡಿದು ಮರಳಿದ್ದನ್ನು ನೋಡುತ್ತದೆ. ಎದುರಿನ ದೋಣಿ ಒಪ್ಪಲಿ ಬಿಡಲಿ, ತಗಡಿದ್ದರೆ ಮಾರ್ದನಿ ಬರುತ್ತದೆ. ದರ್ಶನಗಳ ಮಾತಿನಲ್ಲಿ ಹೇಳುವುದಾದರೆ ಇದು ಪ್ರತ್ಯಕ್ಷಕ್ಕೆ ಹತ್ತಿರ. ಎಐಎಸ್ ಹಾಗಲ್ಲ, ಅದು ಶಬ್ದಪ್ರಮಾಣ, ಅಂದರೆ ಇನ್ನೊಬ್ಬರ ಮಾತೇ ಅರಿವಿನ ಸಾಧನ. ಎದುರಿನವನು ‘ನಾನು ಇಲ್ಲಿದ್ದೇನೆ’ ಎಂದ, ಆದ್ದರಿಂದ ಅವನು ಅಲ್ಲಿದ್ದಾನೆ. ಹೇಳಿದವನು ಆಪ್ತನಾಗಿರಬೇಕು, ಅಂದರೆ ವಿಷಯವನ್ನು ಸರಿಯಾಗಿ ತಿಳಿದು, ತಿಳಿದಂತೆಯೇ ಹೇಳುವವನಾಗಿರಬೇಕು ಎಂದು ನ್ಯಾಯದರ್ಶನದವರಾದ ನೈಯಾಯಿಕರು ಷರತ್ತು ಹಾಕಿದರು. ಮೀಮಾಂಸಕರು ಇನ್ನೊಂದು ದಾರಿ ಹಿಡಿದರು: ಬಂದ ಜ್ಞಾನ ತಾನಾಗಿಯೇ ಪ್ರಮಾಣ, ಬಾಧಕವೊಂದು ಎದುರಾಗುವವರೆಗೆ ಅದನ್ನು ಸಂಶಯಿಸುವ ಅಗತ್ಯವಿಲ್ಲ. ಕಡಲಿನ ಮೇಲೆ ಬಳಕೆಯಲ್ಲಿರುವುದು ಮೀಮಾಂಸಕರ ದಾರಿ. ಬರುವ ಪ್ರತಿಯೊಂದು ಚುಕ್ಕೆಯ ಜಾತಕ ತೆಗೆಯುತ್ತ ಕೂತರೆ ದೋಣಿ ನಡೆಸಲಾಗದು. ಆ ದಾರಿ ಉಳಿಯುವುದು ಮಾತ್ರ ಪ್ರತಿಯೊಬ್ಬರೂ ನೈಯಾಯಿಕರ ಷರತ್ತನ್ನು ತಮ್ಮ ಪಾಲಿಗೆ ಪಾಲಿಸಿದಾಗ. ಅಳತೆ ಪಟ್ಟಿ ಹಿಡಿದು ಆಂಟೆನಾದಿಂದ ಮೂತಿಯವರೆಗೆ ನಿಜವಾಗಿ ಅಳೆದು ತುಂಬುವವನು ಆಪ್ತ. ಅಂದಾಜಿಗೆ ಒಂದು ಅಂಕಿ ಗೀಚುವವನು ಅನಾಪ್ತ.

ಮಾತಿಗೂ ಒಂದು ಕಾಲವಿದೆ ಎಂಬುದನ್ನು ಮರೆಯುವಂತಿಲ್ಲ. ಸಾಮಾನ್ಯ ಕ್ಲಾಸ್ ಬಿ ಉಪಕರಣ ಎರಡು ನಾಟ್‌ಗಿಂತ ವೇಗವಾಗಿ ಚಲಿಸುವಾಗ 30 ಸೆಕೆಂಡಿಗೊಮ್ಮೆ, ನಿಂತಾಗ 3 ನಿಮಿಷಕ್ಕೊಮ್ಮೆ ಮಾತಾಡುತ್ತದೆ. 20 ನಾಟ್ ವೇಗದ ದೋಣಿ 30 ಸೆಕೆಂಡಿನಲ್ಲಿ 300 ಮೀಟರಿಗೂ ಹೆಚ್ಚು ಮುಂದೆ ಹೋಗಿರುತ್ತದೆ. ಪರದೆಯ ಚುಕ್ಕೆ ಹೇಳುವುದು ‘ಆಗ ಅಲ್ಲಿದ್ದೆ’ ಎಂದಷ್ಟೇ.

ಇನ್ನು ಮೌನ. ಏಳನೇ ಶತಮಾನದ ಮೀಮಾಂಸಕ ಕುಮಾರಿಲ ಭಟ್ಟ ಶ್ಲೋಕವಾರ್ತಿಕದಲ್ಲಿ ಅಭಾವದ ಜ್ಞಾನಕ್ಕೆ ಬೇರೆಯೇ ಪ್ರಮಾಣ ಬೇಕೆಂದು ವಾದಿಸಿದ. ನೆಲದ ಮೇಲೆ ಮಡಕೆ ಇಲ್ಲ ಎಂದು ನಮಗೆ ತಿಳಿಯುತ್ತದೆ. ಕಣ್ಣಿಗೆ ಕಂಡದ್ದು ನೆಲ. ‘ಇಲ್ಲದ ಮಡಕೆ’ ಕಣ್ಣಿಗೆ ತಾಗುವ ವಸ್ತುವಲ್ಲ. ಆದ್ದರಿಂದ ಕಾಣದಿರುವುದೇ, ಅನುಪಲಬ್ಧಿಯೇ, ಇಲ್ಲಿ ಪ್ರಮಾಣ. ಮೀಮಾಂಸೆಯ ಇನ್ನೊಂದು ಶಾಖೆಯವರಾದ ಪ್ರಾಭಾಕರರು ಇದನ್ನು ಒಪ್ಪಲಿಲ್ಲ. ನೈಯಾಯಿಕರು ಅಭಾವವೂ ಇಂದ್ರಿಯಕ್ಕೇ ಗೋಚರ ಎಂದರು. ಅದ್ವೈತಿಗಳು ವ್ಯವಹಾರದಲ್ಲಿ ಕುಮಾರಿಲನ ಅನುಯಾಯಿಗಳಾದ ಭಾಟ್ಟರ ದಾರಿಯನ್ನೇ ಹಿಡಿದು ಆರು ಪ್ರಮಾಣಗಳನ್ನು ಎಣಿಸಿದರು. 17ನೇ ಶತಮಾನದ ಧರ್ಮರಾಜಾಧ್ವರೀಂದ್ರನ ವೇದಾಂತಪರಿಭಾಷೆಯಲ್ಲಿ ಅನುಪಲಬ್ಧಿಗೆ ಒಂದು ಅಧ್ಯಾಯವೇ ಇದೆ.

ಈ ಚರ್ಚೆಯ ತಿರುಳು ಒಂದು ವಿಶೇಷಣದಲ್ಲಿದೆ: ‘ಯೋಗ್ಯ’. ಎಲ್ಲ ಕಾಣದಿರುವಿಕೆಯೂ ಪ್ರಮಾಣವಲ್ಲ, ಯೋಗ್ಯವಾದ ಅನುಪಲಬ್ಧಿ ಮಾತ್ರ ಪ್ರಮಾಣ. ವಸ್ತು ಅಲ್ಲಿದ್ದಿದ್ದರೆ ಖಂಡಿತ ಕಾಣುತ್ತಿತ್ತು ಎಂದು ಹೇಳಬಲ್ಲ ಸ್ಥಿತಿಯಲ್ಲಿ ಕಾಣದಿದ್ದರೆ, ಆಗ ಅದು ಇಲ್ಲ. ಹಗಲು ಬೆಳಕಿನಲ್ಲಿ ಅಂಗಳದಲ್ಲಿ ಮಡಕೆ ಕಾಣದಿದ್ದರೆ ಮಡಕೆ ಇಲ್ಲ. ಕತ್ತಲೆ ಕೋಣೆಯಲ್ಲಿ ಕಾಣದಿದ್ದರೆ ಏನೂ ತಿಳಿದಂತಾಗಲಿಲ್ಲ. ಪುಣ್ಯ ಪಾಪಗಳಂತೆ ಸ್ವಭಾವದಿಂದಲೇ ಇಂದ್ರಿಯಕ್ಕೆ ಸಿಗದವು ಕಾಣದಿದ್ದರೂ ಅವುಗಳ ಅಭಾವ ಸಿದ್ಧವಾಗುವುದಿಲ್ಲ. ಮುಂಗಾರಿನ ಮಂಜಿನಲ್ಲಿ ಚಾರ್ಮಾಡಿ ಘಾಟಿ ಹತ್ತಿದ ಯಾವ ಚಾಲಕನಿಗೂ ಈ ಯೋಗ್ಯತೆಯ ವಿಚಾರವನ್ನು ಹೊಸದಾಗಿ ಕಲಿಸಬೇಕಾಗಿಲ್ಲ. ತಿರುವಿನಾಚೆ ಏನೂ ಕಾಣದಾಗಲೇ ಆತ ಹಾರನ್ ಒತ್ತುವುದು.

ಇದ್ದೂ ಕಾಣದಿರುವುದಕ್ಕೆ ಕಾರಣಗಳೇನು? ಈಶ್ವರಕೃಷ್ಣನ ಸಾಂಖ್ಯಕಾರಿಕೆ ಎಂಟನ್ನು ಎಣಿಸುತ್ತದೆ. ಒಂದೂವರೆ ಸಾವಿರ ವರ್ಷದ ಹಿಂದಿನ ಆ ಎಣಿಕೆಯನ್ನು ದೋಣಿಯ ಪರದೆಯ ಪಕ್ಕದಲ್ಲಿಟ್ಟರೆ, ಟ್ರಾನ್ಸೀವರಿನ ಕೈಪಿಡಿಯಲ್ಲಿ ಇರಬೇಕಾದ ಪುಟವೊಂದು ಸಿಕ್ಕಂತಾಗುತ್ತದೆ. ಅತಿದೂರ: ಭೂಮಿಯ ಬಾಗಿನಾಚೆಗಿನ ಹಡಗು. ವ್ಯವಧಾನ: ನಡುವೆ ಅಡ್ಡ ಬಂದದ್ದು, ದ್ವೀಪದ ಅಥವಾ ಗುಡ್ಡದ ಮರೆಯಲ್ಲಿ ನಿಂತ ದೋಣಿ. ಕಾರವಾರದ ಕಡೆ ಗುಡ್ಡ ಕಡಲಿಗೇ ಇಳಿದು ಬಂದಿರುವಲ್ಲಿ ಇದು ದೊಡ್ಡ ಮಾತು. ಇಂದ್ರಿಯಘಾತ: ತುಕ್ಕು ಹಿಡಿದ ಕನೆಕ್ಟರ್, ಮುರಿದ ಆಂಟೆನಾ. ಇದು ಎಲ್ಲಕ್ಕಿಂತ ಕೆಟ್ಟದ್ದು, ಏಕೆಂದರೆ ಕಿವುಡಾದ ಉಪಕರಣದ ಪರದೆಯೂ ನಿರ್ಜನ ಕಡಲಿನ ಪರದೆಯೂ ನೋಡಲು ಒಂದೇ ಥರ. ಮನಸ್ಸಿನ ಅನವಸ್ಥಾನ: ಚುಕ್ಕೆ ಬಂದಿದೆ, ಚುಕ್ಕಾಣಿ ಹಿಡಿದವನ ಗಮನ ಮೊಬೈಲಿನಲ್ಲಿದೆ.

ಅಭಿಭವ, ಅಂದರೆ ಹೆಚ್ಚು ಬಲವುಳ್ಳದ್ದು ಕಡಿಮೆ ಬಲದ್ದನ್ನು ಮುಚ್ಚಿಬಿಡುವುದು. ಹಗಲಿನಲ್ಲಿ ನಕ್ಷತ್ರ ಕಾಣದಿರುವುದು ಇದಕ್ಕೆ ಪ್ರಸಿದ್ಧ ಉದಾಹರಣೆ. ದೊಡ್ಡ ಹಡಗಿನ ಕ್ಲಾಸ್ ಎ ಉಪಕರಣ 12.5 ವಾಟ್‌ನಲ್ಲಿ ಮಾತಾಡುತ್ತದೆ; ನಿಮಿಷಕ್ಕೆ ಒಂದು ಚಾನೆಲ್‌ನಲ್ಲಿ ಇರುವ 2250 ಕಾಲಖಂಡಗಳಲ್ಲಿ ತನ್ನ ಸರದಿಯನ್ನು ಮುಂಗಡ ಕಾದಿರಿಸಿಕೊಳ್ಳುತ್ತದೆ. ಸಣ್ಣ ದೋಣಿಯ ಸಾಮಾನ್ಯ ಉಪಕರಣಕ್ಕೆ ಆ ಹಕ್ಕಿಲ್ಲ. ಅದು ಮೊದಲು ಕಿವಿಗೊಟ್ಟು, ಯಾರೂ ಮಾತಾಡುತ್ತಿಲ್ಲವೆಂದು ತಿಳಿದ ಮೇಲೆ ಮಾತ್ರ ಬಾಯಿ ತೆರೆಯುತ್ತದೆ; ಗದ್ದಲವಿದ್ದರೆ ಕಾಯುತ್ತದೆ. ದೊಡ್ಡ ಬಂದರಿನ ಬಾಯಲ್ಲಿ, ಅಂದರೆ ತನ್ನ ಇರವನ್ನು ಸಾರುವ ಅಗತ್ಯ ಅತಿ ಹೆಚ್ಚಿರುವಲ್ಲೇ, ಸಣ್ಣ ದೋಣಿಯ ಸರದಿ ತಪ್ಪುವ ಸಂಭವ ಹೆಚ್ಚು. ಸಮಾನಾಭಿಹಾರ, ಒಂದೇ ಬಗೆಯವುಗಳಲ್ಲಿ ಬೆರೆತುಹೋಗುವುದು: ಮಲ್ಪೆಯಂಥ ಬಂದರಿನ ಹೊರಗೆ ನೂರಾರು ಬೋಟುಗಳ ನಡುವೆ ಒಂದು. ಅತಿಸಾಮೀಪ್ಯ ಮತ್ತು ಸೂಕ್ಷ್ಮತೆ ಉಳಿದ ಎರಡು. ಉಪಕರಣವೇ ಇಲ್ಲದ ನಾಡದೋಣಿಯನ್ನು ಸೂಕ್ಷ್ಮದ ಲೆಕ್ಕಕ್ಕೆ ಹಾಕಬಹುದು. ಅದು ಆ ಪರದೆಯ ಪಾಲಿಗೆ ಹುಟ್ಟೇ ಇಲ್ಲ.

ಇಂಥ ಮೌನದ ಭಾರವನ್ನು ಮಲ್ಪೆ ಕಂಡಿದೆ. 2018ರ ಡಿಸೆಂಬರ್ 13ರಂದು ಅಲ್ಲಿಂದ ಏಳು ಮೀನುಗಾರರೊಂದಿಗೆ ಹೊರಟ ‘ಸುವರ್ಣ ತ್ರಿಭುಜ’ ಬೋಟು 15ರ ರಾತ್ರಿಯ ನಂತರ ಸಂಪರ್ಕಕ್ಕೆ ಸಿಗಲಿಲ್ಲ. ನೌಕಾಪಡೆ ಮಹಾರಾಷ್ಟ್ರದ ಮಾಲ್ವಣದಾಚೆಯ ಕಡಲತಳದಲ್ಲಿ ಅದರ ಅವಶೇಷವನ್ನು ಪತ್ತೆ ಮಾಡಿದ್ದು 2019ರ ಮೇ ತಿಂಗಳಲ್ಲಿ. ನಡುವಿನ ನಾಲ್ಕೂವರೆ ತಿಂಗಳು ಏಳು ಮನೆಗಳು ‘ಕಾಣುತ್ತಿಲ್ಲ’ ಮತ್ತು ‘ಇಲ್ಲ’ ಎಂಬ ಎರಡು ಮಾತುಗಳ ನಡುವೆ ಬದುಕಿದವು. ನಾಶದಿಂದ ಬರುವ ಅಭಾವಕ್ಕೆ ತಾರ್ಕಿಕರು ‘ಪ್ರಧ್ವಂಸಾಭಾವ’ ಎನ್ನುತ್ತಾರೆ. ಅದನ್ನು ಮೌನವೊಂದರಿಂದಲೇ ತೀರ್ಮಾನಿಸಲು ಆ ಮನೆಗಳವರು ಒಪ್ಪಲಿಲ್ಲ. ಅವರು ತರ್ಕಕ್ಕೂ ಪ್ರೀತಿಗೂ ಒಟ್ಟಿಗೆ ನಿಷ್ಠರಾಗಿದ್ದರು ಎಂದೇ ಹೇಳಬೇಕು. ಇಸ್ರೋ ರೂಪಿಸಿದ, ಉಪಗ್ರಹದ ಮೂಲಕ ಎರಡೂ ಕಡೆಯಿಂದ ಸಂದೇಶ ಸಾಗಿಸುವ ಟ್ರಾನ್ಸ್‌ಪಾಂಡರುಗಳನ್ನು ಒಂದು ಲಕ್ಷ ಮೀನುಗಾರಿಕಾ ಬೋಟುಗಳಿಗೆ ಅಳವಡಿಸುವ ಕೇಂದ್ರದ ಯೋಜನೆ 2024ರ ಆಗಸ್ಟ್ 30ರಂದು ಪಾಲ್ಘರ್‌ನಲ್ಲಿ ಚಾಲನೆಗೊಂಡಿತು. ಕೂಗಳತೆಯನ್ನು ದಿಗಂತದಾಚೆಗೆ ಹಿಗ್ಗಿಸುವ ಕೆಲಸ ಅದು. ಯೋಗ್ಯತೆಯ ಭಾಷೆಯಲ್ಲಿ ಹೇಳಿದರೆ, ಇನ್ನು ಮುಂದೆ ಮೌನಕ್ಕೆ ಅರ್ಥ ಬರುವಂತೆ ಮಾಡುವ ಕೆಲಸ.

ಗೋಣಿಬೀಡಿಗೆ ಬಂದರೆ, ಇಲ್ಲಿನ ಕಡಲು ಕಾಫಿ ತೋಟ. ಸಿಲ್ವರ್ ಓಕ್ ಮತ್ತು ಕಾಡುಮರಗಳ ನೆರಳು, ಅವುಗಳಿಗೆ ಹಬ್ಬಿದ ಮೆಣಸಿನ ಬಳ್ಳಿ, ಕೆಳಗೆ ಆಳೆತ್ತರದ ಕಾಫಿ ಗಿಡ. ಹತ್ತು ಮಾರು ದೂರದಲ್ಲಿ ನಿಂತ ಆನೆ ಕಾಣುವುದಿಲ್ಲ. ಸಾಂಖ್ಯದ ‘ವ್ಯವಧಾನ’ಕ್ಕೆ ಇದಕ್ಕಿಂತ ಉತ್ತಮ ಉದಾಹರಣೆ ಬೇಕಿಲ್ಲ. ಮೂಡಿಗೆರೆ, ಬೇಲೂರು, ಸಕಲೇಶಪುರ, ಆಲೂರು ತಾಲ್ಲೂಕುಗಳ ತೋಟ ಗದ್ದೆಗಳ ನಡುವೆಯೇ ಆನೆಗಳು ಈಗ ಸಂಸಾರ ನಡೆಸುತ್ತಿವೆ. 2022ರ ನವೆಂಬರ್‌ನಲ್ಲಿ ಮೂಡಿಗೆರೆ ತಾಲ್ಲೂಕಿನ ಕುಂದೂರು ಭಾಗದಲ್ಲಿ ಮಹಿಳೆಯೊಬ್ಬರು ಆನೆ ದಾಳಿಯಲ್ಲಿ ಪ್ರಾಣ ಕಳೆದುಕೊಂಡರು. ಜನರ ಆಕ್ರೋಶ ಭುಗಿಲೆದ್ದು, ಬಾಧಿತ ಜಿಲ್ಲೆಗಳಲ್ಲಿ ಆನೆ ಕಾರ್ಯಪಡೆ ರಚನೆಯಾಯಿತು.

ಅರಣ್ಯ ಇಲಾಖೆ ಹಿಡಿದ ದಾರಿಗಳಲ್ಲಿ ಒಂದು ರೇಡಿಯೋ ಕಾಲರ್. ಗುಂಪನ್ನು ನಡೆಸುವ ಹಿರಿಯ ಹೆಣ್ಣಾನೆಗೆ ಅರಿವಳಿಕೆ ಚುಚ್ಚಿ ಕೊರಳಿಗೆ ಪಟ್ಟಿ ಕಟ್ಟುತ್ತಾರೆ. ಪಟ್ಟಿಯಲ್ಲಿರುವ ಜಿಪಿಎಸ್ ಕಾಲಕಾಲಕ್ಕೆ ನೆಲೆಯನ್ನು ಗುರುತಿಸಿ ಕಳಿಸುತ್ತದೆ. ಅದರ ಆಧಾರದ ಮೇಲೆ ಸುತ್ತಲಿನ ಊರುಗಳಿಗೆ ಮೊಬೈಲ್ ಸಂದೇಶ ಹೋಗುತ್ತದೆ. ಹಾಸನ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಆನೆ ಗುಂಪುಗಳಿಗೆ ಹೆಸರುಗಳೇ ಇವೆ. ‘ಬೀಟಮ್ಮನ ಗುಂಪು ಬಂತಂತೆ’ ಎಂದರೆ ಶಾಲೆಯ ಮಕ್ಕಳಿಗೂ ಅರ್ಥವಾಗುತ್ತದೆ. ಹೊರದೇಶದ ಕಾಲರೊಂದಕ್ಕೆ ಸುಮಾರು 6.5 ಲಕ್ಷ ರೂಪಾಯಿ ಬೀಳುತ್ತಿತ್ತು. 2025ರಲ್ಲಿ ರಾಜ್ಯ ಅರಣ್ಯ ಇಲಾಖೆ ಸುಮಾರು 1.8 ಲಕ್ಷದ ದೇಶೀ ಕಾಲರನ್ನು ಬಳಕೆಗೆ ತಂದಿತು.

ಕಾಲರ್ ಇದ್ದಲ್ಲಿ ಜೀವ ಉಳಿದಿದೆ, ಇದನ್ನು ಮೊದಲು ಒಪ್ಪಿಕೊಳ್ಳಬೇಕು. ಗುಂಪು ಯಾವ ತೋಟದಲ್ಲಿದೆ ಎಂದು ಬೆಳಗ್ಗೆ ಏಳಕ್ಕೆ ತಿಳಿದರೆ ತೋಟದ ಮೇಲ್ವಿಚಾರಕರಾದ ರೈಟರು ಆಳುಗಳನ್ನು ತೋಟದ ಬೇರೆ ಭಾಗಕ್ಕೆ ಕಳಿಸಬಹುದು. ತೊಡಕು ಬರುವುದು ಸಂದೇಶ ಬಾರದ ಬೆಳಗಿನಲ್ಲಿ. ಸಂದೇಶ ಬಾರದಿದ್ದರೆ ಆನೆ ಇಲ್ಲ ಎಂದು ಮನಸ್ಸು ತಾನಾಗಿ ತೀರ್ಮಾನಿಸುತ್ತದೆ. ಆ ತೀರ್ಮಾನಕ್ಕೆ ಯೋಗ್ಯತೆ ಇಲ್ಲ. ಕಾಲರ್ ಇರುವುದು ಗುಂಪಿನ ಒಂದು ಆನೆಗೆ. ಗುಂಪು ಒಡೆದು ನಾಲ್ಕು ಆನೆ ಬೇರೆ ದಿಕ್ಕು ಹಿಡಿದರೆ ಪಟ್ಟಿ ಅವುಗಳ ಸುದ್ದಿ ಹೇಳದು. ಬ್ಯಾಟರಿ ಬಹುಕಾಲ ಬಾಳಲೆಂದು ನೆಲೆ ಗುರುತಿಸುವುದು ಗಂಟೆಗಳ ಅಂತರದಲ್ಲಿ. ಅಷ್ಟರಲ್ಲಿ ಆನೆ ಹೊಳೆ ದಾಟಿರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಒಂಟಿ ಸಲಗಗಳಲ್ಲಿ ಬಹಳಷ್ಟಕ್ಕೆ ಕಾಲರೇ ಇಲ್ಲ, ತೋಟದವರು ಹೆಚ್ಚು ಹೆದರುವುದು ಅವುಗಳಿಗೇ. ಉಪಕರಣವಿಲ್ಲದ ನಾಡದೋಣಿ ಪರದೆಯಲ್ಲಿ ಹೇಗೆ ಇಲ್ಲವೋ ಹಾಗೆ ಕಾಲರ್ ಇಲ್ಲದ ಸಲಗ ಮೊಬೈಲಿನಲ್ಲಿ ಇಲ್ಲ.

ಕಾಲರ್ ಬರುವ ಮುನ್ನ ಜನ ಅನುಪಲಬ್ಧಿಯನ್ನು ಇಷ್ಟು ಸುಲಭವಾಗಿ ನಂಬುತ್ತಿರಲಿಲ್ಲ ಎಂಬುದು ಯೋಚಿಸಬೇಕಾದ ವಿಷಯ. ಹಸಿ ಲದ್ದಿ, ಸೀಳಿದ ಬೈನೆ ಮರ, ಮಣ್ಣಿನಲ್ಲಿ ಹೆಜ್ಜೆಯ ಬಟ್ಟಲು, ನಾಯಿ ಬೊಗಳುವ ರೀತಿ, ಗಾಳಿಯಲ್ಲಿ ತೇಲಿ ಬರುವ ವಾಸನೆ, ಇವೆಲ್ಲ ಅನುಮಾನಪ್ರಮಾಣದ ಲಿಂಗಗಳು, ಅಂದರೆ ಕಂಡದ್ದರಿಂದ ಕಾಣದ್ದನ್ನು ಊಹಿಸಲು ನೆರವಾಗುವ ಗುರುತುಗಳು. ಹೊಗೆ ಕಂಡರೆ ಬೆಂಕಿ ಎಂಬ ತರ್ಕಶಾಸ್ತ್ರದ ಪಾಠ ತೋಟದಲ್ಲಿ ಲದ್ದಿ ಕಂಡರೆ ಆನೆ ಎಂದಾಗುತ್ತದೆ. ಹೊಸ ಪ್ರಮಾಣವೊಂದು ಬಂದಾಗ ಹಳೆಯ ಪ್ರಮಾಣಗಳು ಬಳಕೆ ತಪ್ಪಿ ಮಂಕಾಗುವುದು ನಷ್ಟ.

ಅನುಪಲಬ್ಧಿಯ ಪ್ರಶ್ನೆ ದೇವರವರೆಗೂ ಹೋಗುತ್ತದೆ. ಪ್ರತ್ಯಕ್ಷವೊಂದೇ ಪ್ರಮಾಣವೆಂದ ಚಾರ್ವಾಕರು ಕಾಣದ ದೇವರನ್ನೂ ಪರಲೋಕವನ್ನೂ ಇಲ್ಲವೆಂದರು. ಸುಮಾರು ಸಾವಿರ ವರ್ಷದ ಹಿಂದೆ ಉದಯನಾಚಾರ್ಯ ನ್ಯಾಯಕುಸುಮಾಂಜಲಿಯ ಮೂರನೇ ಸ್ತಬಕದಲ್ಲಿ ಇದಕ್ಕೆ ಕೊಟ್ಟ ಉತ್ತರ ಯೋಗ್ಯತೆಯ ಮೇಲೆಯೇ ನಿಂತಿದೆ. ಕಾಣಲು ಯೋಗ್ಯವಲ್ಲದ್ದು ಕಾಣದಿದ್ದರೆ ಅದರಿಂದ ಏನೂ ಸಿದ್ಧವಾಗದು. ಹಾಗಲ್ಲವೆಂದರೆ ಮನೆಯಿಂದ ಹೊರಬಿದ್ದ ಚಾರ್ವಾಕ ಹೆಂಡತಿ ಮಕ್ಕಳು ಕಾಣುತ್ತಿಲ್ಲವಾದ್ದರಿಂದ ಅವರು ಇಲ್ಲವಾದರೆಂದು ಎದೆ ಬಡಿದುಕೊಂಡು ಅಳಬೇಕಾಗುತ್ತದೆ ಎಂಬುದು ಆತನ ವಾದ. ಮಲ್ಪೆಯ ಏಳು ಮನೆಗಳನ್ನು ನೆನೆದರೆ ಈ ವಾದದ ಭಾರ ತಿಳಿಯುತ್ತದೆ.

ಈ ಉತ್ತರದಿಂದ ದೇವರಿದ್ದಾನೆಂದು ಸಿದ್ಧವಾಗಲಿಲ್ಲ, ‘ಇಲ್ಲ’ ಎಂಬ ಸಾಧನೆ ಬಿದ್ದುಹೋಯಿತು, ಅಷ್ಟೇ. ಇರವನ್ನು ಸಾಧಿಸಲು ಉದಯನ ಬೇರೆ ಯುಕ್ತಿಗಳನ್ನು ತರಬೇಕಾಯಿತು. ಜೊತೆಗೆ, ಯೋಗ್ಯತೆ ಇಬ್ಬಾಯಿಯ ಕತ್ತಿ. ಇಂಥ ದಿನ ಇಂಥ ಜಾಗದಲ್ಲಿ ಎಲ್ಲರ ಕಣ್ಣಿಗೆ ಕಾಣುವ ಪವಾಡ ನಡೆಯುತ್ತದೆ ಎಂದು ಯಾರಾದರೂ ಸಾರಿದರೆ, ಆ ಮಾತು ತಾನಾಗಿ ಬೆಳಕಿನ ಅಂಗಳಕ್ಕೆ ಬಂದು ನಿಂತಂತೆ. ಅಲ್ಲಿ ಕಾಣದಿದ್ದರೆ ಅದು ಇಲ್ಲ. ಶ್ರದ್ಧೆಗೆ ಆಸರೆ ಕೊಡುವ ನಿಯಮವೇ ಮೋಸಕ್ಕೆ ಆಸರೆ ತಪ್ಪಿಸುತ್ತದೆ. ಹೊಯ್ಸಳರ ಮೂಲನೆಲೆಯೆನ್ನಿಸಿದ ಸೊಸೆಯೂರು, ಇಂದಿನ ಅಂಗಡಿ, ಇದೇ ಮೂಡಿಗೆರೆ ತಾಲ್ಲೂಕಿನಲ್ಲಿದೆ. ‘ಇಲ್ಲ’ ಎಂಬ ಮಾತಿಗೆ ಷರತ್ತು ಬೇಕೆಂಬುದನ್ನು ಅಲ್ಲಿನ ಹಳೆಯ ಬಸದಿಗಳ ಜೈನ ಪರಂಪರೆ ಸ್ಯಾದ್ವಾದದ ಮೂಲಕ ಹೇಳಿತು. ಒಂದು ನೋಟದಿಂದ ಇದೆ, ಒಂದು ನೋಟದಿಂದ ಇಲ್ಲ. ಯಾವ ನೋಟದಿಂದ ಎಂದು ಹೇಳದೆ ‘ಇಲ್ಲ’ ಎನ್ನುವುದು ಅಪೂರ್ಣ ವಾಕ್ಯ.

ಕಾಣಿಸಿಕೊಳ್ಳುವುದು ಯಾರ ಇಚ್ಛೆ ಎಂಬುದೂ ಇಲ್ಲಿ ಸೇರುತ್ತದೆ. ದೋಣಿಯ ಮಾಲೀಕ ಒಪ್ಪಿ ಉಪಕರಣ ಹಾಕಿಸುತ್ತಾನೆ. ಬೇಕೆಂದಾಗ ಬಾಯಿ ಮುಚ್ಚಿ ಕಿವಿ ಮಾತ್ರ ತೆರೆದಿಡುವ ಸ್ವಿಚ್ಚೂ ಬಹಳಷ್ಟು ಮಾದರಿಗಳಲ್ಲಿದೆ. ಕಡಲುಗಳ್ಳರ ಭಯವಿರುವಲ್ಲಿ ಅದು ನ್ಯಾಯ. ಮೀನಿನ ಜಾಗ ಇತರರಿಗೆ ತಿಳಿಯದಿರಲೆಂದು ಹಡಗುಮಾರ್ಗದ ನಡುವೆ ಬಾಯಿ ಮುಚ್ಚುವುದು ಅನ್ಯಾಯ. ಅದು ಇತರರ ಪರದೆಯನ್ನು ಸುಳ್ಳಾಗಿಸುತ್ತದೆ. ಆನೆಗೆ ಒಪ್ಪುವ ಬಿಡುವ ಅವಕಾಶವೇ ಇಲ್ಲ. ಅದರ ಪಾಲಿಗೆ ಕಾಲರ್ ಮನುಷ್ಯರು ಹೊರಿಸಿದ ಹೊರೆ. ಎಂಟು ಬಾರಿ ಮೈಸೂರು ದಸರಾದ ಅಂಬಾರಿ ಹೊತ್ತ ಸಾಕಾನೆ ಅರ್ಜುನ 2023ರ ಡಿಸೆಂಬರ್ 4ರಂದು ಸಕಲೇಶಪುರ ತಾಲ್ಲೂಕಿನ ಯಸಳೂರು ಬಳಿ ಕಾಡಾನೆಗಳನ್ನು ಹಿಡಿದು ಕಾಲರ್ ಹಾಕುವ ಕಾರ್ಯಾಚರಣೆಯಲ್ಲಿ ಸಲಗದೊಂದಿಗೆ ಕಾದಾಡಿ ಸತ್ತ. ಒಂದು ಚುಕ್ಕೆಯನ್ನು ಪರದೆಗೆ ತರಲು ತೆರುವ ಬೆಲೆ ಕೆಲವೊಮ್ಮೆ ಅಷ್ಟಿರುತ್ತದೆ. ಆ ಬೆಲೆ ತೆತ್ತು ಪಡೆದ ಮಾಹಿತಿಯನ್ನು ತಪ್ಪಾಗಿ ಓದುವುದು ಎರಡು ಪಟ್ಟು ತಪ್ಪು.

ಕಾಣದ್ದನ್ನು ಇಲ್ಲವೆನ್ನುವ ವಿಷಯದಲ್ಲಿ ಕಡಲಿನ ಕಾನೂನು ಭಾಟ್ಟ ಮೀಮಾಂಸಕರಷ್ಟೇ ಎಚ್ಚರದಿಂದ ಇದೆ. ಡಿಕ್ಕಿ ತಡೆಯುವ 1972ರ ಅಂತರರಾಷ್ಟ್ರೀಯ ನಿಯಮಗಳಲ್ಲಿ ಐದನೆಯದು, ಪ್ರತಿ ಹಡಗೂ ಸದಾ ಕಣ್ಣು ಕಿವಿಗಳಿಂದಲೂ ಲಭ್ಯವಿರುವ ಇತರ ಎಲ್ಲ ಸಾಧನಗಳಿಂದಲೂ ಕಾವಲು ನೋಡಬೇಕೆನ್ನುತ್ತದೆ. ಏಳನೆಯದು ಅರೆಬರೆ ಮಾಹಿತಿಯ ಮೇಲೆ ಊಹೆ ಕಟ್ಟಬಾರದೆಂದು ವಿಧಿಸುತ್ತದೆ. ಯಾವ ಟ್ರಾನ್ಸೀವರ್ ಅಳವಡಿಸಿದರೂ ಈ ಎರಡರಿಂದ ವಿನಾಯಿತಿ ಇಲ್ಲ.

ಕಾಫಿ ಸೀಮೆಗೆ ಇಂಥ ಬರೆದ ನಿಯಮ ಬೇಕು. ಆನೆ ಬಂದಾಗ ಸಂದೇಶ ಕಳಿಸುವವರು ಬಾರದ ದಿನವೂ ಒಂದು ಸಾಲು ಕಳಿಸಲಿ: ಗೋಣಿಬೀಡು ಹೋಬಳಿಯ ಸುತ್ತ ಇಷ್ಟು ಆನೆಗಳಿಗೆ ಕಾಲರ್ ಇದೆ, ಇಷ್ಟಕ್ಕೆ ಇಲ್ಲ, ಕೊನೆಯ ನೆಲೆ ಸಿಕ್ಕಿದ್ದು ಇಂಥ ಗಂಟೆಗೆ. ತೋಟಕ್ಕೆ ಇಳಿಯುವ ಆಳಿಗೂ, ಬಸ್ಸಿಗೆ ನಡೆಯುವ ಶಾಲೆಯ ಮಗುವಿಗೂ ಆ ಸಾಲನ್ನು ಓದಿ ಹೇಳುವ ಹೊಣೆ ತೋಟದ ಮಾಲೀಕರು ಹೊರಲಿ.